ನಾಲ್ಕು ಬಲ್ಬಿನ ಲೆಕ್ಕ

ಎಂಬತ್ತೆರಡನೆಯ ಇಸವಿಯಲ್ಲಿ ನನ್ನ ಸಾಲಿ ನಿಂತಿತು. ನಾನಿನ್ನೂ ಚಿಕ್ಕವನು, ಒಂಬತ್ತನೆಯ ತರಗತಿ. ಯಾಕೆ ಬಿಟ್ಟೆ ಅಜ್ಜ ಎಂದು ನೀವು ಕೇಳುತ್ತಲೇ ಇರುತ್ತೀರಿ. ಒಂದು ದಿನದ ಮಾತು ಹೇಳುತ್ತೇನೆ, ಕೇಳಿರಿ.

ನಮ್ಮೂರು ಹನುಮಸಾಗರದ ಆಚೆ, ಕರೆಂಟಿನ ಲೈನು ಮುಗಿಯುವಲ್ಲಿತ್ತು. ಚಳಿಗಾಲ. ಎರಡು ದಿನದಿಂದ ಮೋಡ ಮುಚ್ಚಿ ಜಿಟಿಜಿಟಿ ಹನಿಯುತ್ತಿತ್ತು. ಹೆರಿಗೆಗೆ ಬಂದಿದ್ದ ಅಕ್ಕ ಆವತ್ತು ಬೆಳಗಾಗುವುದರೊಳಗೆ ತೀರಿಕೊಂಡಳು. ದಿನ ತುಂಬದ ಹೆಣ್ಣುಕೂಸು ಉಳಿಯಿತು. ಅಳಲಿಕ್ಕೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯ ಹಾಗೆ ಕುಂಯ್ ಎನ್ನುತ್ತಿತ್ತು. ಹಸಿ ಮಣ್ಣಿನ ವಾಸನೆ, ಊದಿನಕಡ್ಡಿಯ ವಾಸನೆ, ಅಕ್ಕನ ಸೀರೆಯ ಅಂಚು, ಎಲ್ಲ ಕಣ್ಣಿಗೆ ಬೀಳುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು. ನನಗೆ ಮಾತ್ರ ಅಳು ಬರಲಿಲ್ಲ. ಯಾರೋ ನನ್ನನ್ನು ಒಳಗಿನಿಂದ ತೆಗೆದು ಹೊರಗೆ ಇಟ್ಟಂತಿತ್ತು.

ಹೆರಿಗೆ ಮಾಡಿಸಿದ ನರ್ಸಮ್ಮ ಕೂಸನ್ನು ಹತ್ತಿಯಲ್ಲಿ ಸುತ್ತಿ ಬುಟ್ಟಿಯಲ್ಲಿ ಮಲಗಿಸಿದಳು. ಕುಷ್ಟಗಿಯಿಂದ ಜೀಪು ತರುತ್ತೇನೆ, ಅಲ್ಲಿಯ ತನಕ ಹೊರಗಿನ ಗಾಳಿಗೆ ಒಯ್ಯಬೇಡಿ ಎಂದು ಹೇಳಿ ಹೊರಟಳು. ಬಾಗಿಲಲ್ಲಿ ನಿಂತು ಮತ್ತೆ ತಿರುಗಿದಳು. "ಬೆಚ್ಚಗಿಡ್ರಿ. ಕೈಕಾಲು ತಣ್ಣಗಾದ್ರ ಉಳಿಯಂಗಿಲ್ರಿ."

ಆದರೆ ಹೆಣ ಎತ್ತುವ ತನಕ ಮನೆಯಲ್ಲಿ ಊದಿನಕಡ್ಡಿ ಬಿಟ್ಟು ಬೇರೆ ಬೆಂಕಿ ಹಚ್ಚುವಂತಿಲ್ಲ. ಒಲೆಯೂ ಇಲ್ಲ, ಕೆಂಡವೂ ಇಲ್ಲ. ಅವ್ವ ಅಕ್ಕನ ಪಾದ ಹಿಡಿದು ಕೂತವಳು ಕರೆದರೂ ಓಗೊಡುತ್ತಿರಲಿಲ್ಲ. ಪಕ್ಕದ ಗಿರಣಿ ಕಾಕಾ, ಬಲ್ಬು ಬೆಂಕಿಯಲ್ಲ, ಅದಕ್ಕೆ ಶಾಸ್ತ್ರ ಇಲ್ಲ ಎಂದು ನೂರು ವ್ಯಾಟಿನದೊಂದು ಬಲ್ಬನ್ನು ಬುಟ್ಟಿಯ ಮೇಲೆ ಇಳಿಬಿಟ್ಟ. ಅದು ಬೆಲ್ಲದ ಪಾಕದ ಬಣ್ಣಕ್ಕೆ ಉರಿಯಿತು. ಹತ್ತಿರ ಕೈ ಹಿಡಿದರೆ ಶಾಖವೇ ಇಲ್ಲ. ಜಿಟಿಜಿಟಿ ಹನಿ ಸಾಲದೆ ತೋಟಗಳಲ್ಲಿ ಪಂಪುಗಳು ಓಡುತ್ತಿದ್ದವು, ನಮ್ಮ ತುದಿಗೆ ಬರುವ ಹೊತ್ತಿಗೆ ಕರೆಂಟು ಸೋತು ಹೋಗುತ್ತಿತ್ತು.

ನಾನು ಗಿರಣಿಗೆ ಓಡಿ ಬೋರ್ಡಿನ ವೋಲ್ಟ್ ಮೀಟರು ನೋಡಿದೆ. ಇನ್ನೂರಿಪ್ಪತ್ತರಲ್ಲಿ ಇರಬೇಕಾದ ಮುಳ್ಳು ನೂರಾಹತ್ತರಲ್ಲಿತ್ತು. ಕಾಕಾ ಹಿಂದೆಯೇ ಬಂದ. ಅರ್ಧ ಬಂದೈತಿ, ಇನ್ನೊಂದು ಬಲ್ಬು ಹಾಕಿದರೆ ಸರಿಹೋಗ್ತೈತಿ ಎಂದ. ಹಿಂದಿನ ವಾರವಷ್ಟೇ ಸರ್ ಹಲಗೆಯ ಮೇಲೆ ಕಲಿಸಿದ್ದ ಲೆಕ್ಕ ನೆನಪಾಯಿತು. ಗಿರಣಿಯ ಕಟ್ಟೆಯ ಮೇಲೆ ಕೂತ ಹಿಟ್ಟಿನಲ್ಲಿ ಬೆರಳಾಡಿಸಿದೆ. ವೋಲ್ಟನ್ನು ಕರೆಂಟಿನಿಂದ ಗುಣಿಸಿದರೆ ವ್ಯಾಟು. ಹಾಗಾದರೆ ನೂರು ವ್ಯಾಟನ್ನು ಇನ್ನೂರಿಪ್ಪತ್ತರಿಂದ ಭಾಗಿಸಿದರೆ ಕರೆಂಟು, ಅರ್ಧ ಆಂಪಿಯರಿಗೆ ತುಸು ಕಡಿಮೆ. ವೋಲ್ಟನ್ನು ಆ ಕರೆಂಟಿನಿಂದ ಭಾಗಿಸಿದರೆ ತಂತಿಯ ರೋಧ, ನಾನೂರಾ ಎಂಬತ್ನಾಲ್ಕು ಓಮು. ತಂತಿ ಅದೇ, ರೋಧವೂ ಅದೇ. ನೂರಾಹತ್ತನ್ನು ಅದೇ ರೋಧದಿಂದ ಭಾಗಿಸಿದೆ. ಕರೆಂಟೂ ಅರ್ಧಕ್ಕೆ ಇಳಿಯಿತು. ಅರ್ಧ ವೋಲ್ಟು, ಅರ್ಧ ಕರೆಂಟು. ಗುಣಿಸಿದರೆ ಇಪ್ಪತ್ತೈದೇ ವ್ಯಾಟು.

"ಎರಡು ಸಾಲಂಗಿಲ್ಲ ಕಾಕಾ, ನಾಕು ಬೇಕು."

"ನಾಕ? ನಾಟಕದ ಸ್ಟೇಜಿಗೆ ಹಾಕಿದಂಗ ಹಾಕ್ತಿಯೇನಲೇ?" ಎಂದವನು, ನಮ್ಮ ಮನೆಯ ಕಡೆ ನೋಡಿ ತುಟಿ ಕಚ್ಚಿಕೊಂಡ. ಆಮೇಲೆ ಹಿಟ್ಟಿನ ಮೇಲಿನ ಅಂಕಿಗಳನ್ನು ಎರಡು ಸಲ ನೋಡಿದ. ಗಿರಣಿಯ ಬಲ್ಬು ಬಿಚ್ಚಿಕೊಟ್ಟ. ಟೇಲರ್ ಚಾಚಾ ಹೊಲಿಯುವುದನ್ನು ನಿಲ್ಲಿಸಿ ಮಶೀನಿನ ಮೇಲಿನದನ್ನು ಕೊಟ್ಟ. ನೂರು ವ್ಯಾಟಿನ ನಾಲ್ಕನೆಯದು ಇದ್ದದ್ದು ಹನುಮಪ್ಪನ ಗುಡಿಯಲ್ಲಿ. ಸೂತಕದವನು ನಾನು, ಹೊಸ್ತಿಲ ಹೊರಗೇ ನಿಂತೆ. ಪೂಜಾರಿ ಅಜ್ಜ ತಾನೇ ಬಿಚ್ಚಿ ತಂದು ನನ್ನ ಕೈಗಿಟ್ಟ. "ಹನುಮಪ್ಪಗ ಕತ್ತಲಾಗ ಇರೂದು ರೂಢಿ ಐತಿ, ಒಯ್ಯಿ."

ನಾಲ್ಕೂ ಹತ್ತಿದ ಮೇಲೆ ಬುಟ್ಟಿಯ ಅಂಚು ಬೆಚ್ಚಗಾಯಿತು. ಸ್ವಲ್ಪ ಹೊತ್ತಿಗೆ ಕೂಸಿನ ನೀಲಿ ಉಗುರು ತಿಳಿ ಬಣ್ಣಕ್ಕೆ ತಿರುಗಿತು.

ಮಧ್ಯಾಹ್ನ ಅಕ್ಕನನ್ನು ಎತ್ತಿದರು. ಅಪ್ಪ ಒಳಗೆ ಬಂದ. "ಬಾ. ತಮ್ಮ ಆದಾವ ಒಂದು ಹಿಡಿ ಮಣ್ಣು ಹಾಕಬೇಕು."

"ಪಂಪು ನಿಂತ್ರ ಕರೆಂಟು ಪೂರಾ ಬರ್ತೈತಪ. ನಾಕೂ ಸೇರಿ ನಾನೂರು ವ್ಯಾಟ್ ಆಗ್ತೈತಿ. ಕೂಸು ಬೇಯ್ತೈತಿ. ಆರಿಸಾಕ ಒಬ್ಬರು ಇರಬೇಕು."

ಅಪ್ಪ ಬಲ್ಬುಗಳನ್ನು ನೋಡಿದ, ನನ್ನನ್ನು ನೋಡಿದ. ಹೊರಟುಹೋದ. ಭಜನೆಯ ತಾಳ ಓಣಿ ದಾಟಿ ದೂರವಾಗುವುದು ಕೇಳಿಸುತ್ತಿತ್ತು. ನಾನು ಬಲ್ಬಿನ ಬಣ್ಣವನ್ನೇ ನೋಡುತ್ತ ಕೂತೆ. ಅಷ್ಟು ಹೊತ್ತಿಗೆ ಅವಳನ್ನು ಇಳಿಸಿರಬೇಕು. ಒಮ್ಮೆಲೇ ನಾಲ್ಕೂ ಬೆಳ್ಳಗೆ ಉರಿದವು, ಕಣ್ಣು ಕೋರೈಸಿತು. ಕೈ ತಾನಾಗಿಯೇ ಹೋಯಿತು. ಮೂರನ್ನು ಆರಿಸಿದೆ, ಒಂದನ್ನು ಬಿಟ್ಟೆ. ಸಂಜೆಯ ಮುಂದೆ ಜೀಪು ಬಂತು.

ಕಾದ ತಂತಿಯ ರೋಧ ಹೆಚ್ಚು, ಅರೆಕಾದ ತಂತಿಯದು ಕಡಿಮೆ ಎಂದು ಮುಂದೆ ಕೆಲಸದಲ್ಲಿ ಕಲಿತೆ. ಅಂದರೆ ಆವತ್ತಿನ ನನ್ನ ಲೆಕ್ಕ ಪೂರಾ ಸರಿಯಿರಲಿಲ್ಲ. ಬಲ್ಬುಗಳು ನಾನು ಎಣಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಶಾಖ ಕೊಟ್ಟಿದ್ದವು. ಕೂಸಿಗೆ ಅದೇ ಒಳ್ಳೆಯದಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಯಲ್ಲಿ ಕೂತಳು. ಹೊಲಕ್ಕೆ ಅವಳ ಬದಲು ನಾನು ಹೋದೆ. ಸಾಲಿ ಹಾಗೆ ನಿಂತಿತು. ಇವತ್ತಿಗೂ ಅಕ್ಕನ ನೆನಪಾದರೆ ಮೊದಲು ಕಾಣುವುದು ಅವಳ ಮುಖವಲ್ಲ, ಬೆಲ್ಲದ ಬಣ್ಣದ ಆ ಬಲ್ಬು.

ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದೆ, ಸ್ಟೆಬಿಲೈಜರ್ ಇದೆ. ಕೈಯಿಟ್ಟರೂ ಸುಡದ ಬಲ್ಬುಗಳಿವೆ. ಸ್ವಿಚ್ಚು ಒತ್ತುವಾಗ ವೋಲ್ಟು ಎಷ್ಟಿದೆ ಎಂದು ನೀವು ಕೇಳಬೇಕಾಗಿಲ್ಲ. ಇದೇ ಲೆಕ್ಕ ನಿಮ್ಮ ಪುಸ್ತಕದಲ್ಲೂ ಇದೆ, ಎರಡು ಅಂಕದ ಪ್ರಶ್ನೆ.

ಈಗ ನನಗಿರುವುದು ಇಷ್ಟು: ಕುಷ್ಟಗಿಯಲ್ಲಿ ನನ್ನ ದುಡಿಮೆಯ ಒಂದು ಮೋಟಾರು ವೈಂಡಿಂಗ್ ಅಂಗಡಿ, ಮೂರು ಕೋಣೆಯ ಮನೆ, ಇಬ್ಬರು ಗಂಡುಮಕ್ಕಳು, ನೀವು ಮೂವರು ಮೊಮ್ಮಕ್ಕಳು, ಅಕ್ಕನ ಮಗಳು ಒಬ್ಬಳು.