ಹೊಸ ಹಸು ಹಿಡಿದ ದಾರಿ

ನನ್ನ ಅಣ್ಣ ಮೂರು ವರ್ಷದ ಹಿಂದಿನವರೆಗೂ ರೇಷ್ಮೆಗೂಡಿನ ವ್ಯಾನ್ ಓಡಿಸುತ್ತಿದ್ದ. ಮಾಗಡಿ, ಚನ್ನಪಟ್ಟಣ, ಕನಕಪುರದ ಹಳ್ಳಿಗಳಿಂದ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ತರುವ ಕೆಲಸ. ವಿರೂಪಾಕ್ಷಿಪುರದ ಕಡೆ ಯಾವ ಓಣಿಯಲ್ಲಿ ಗಾಡಿ ತಿರುಗಿಸಬಹುದು, ಎಲ್ಲಿ ರಿವರ್ಸ್‌ನಲ್ಲೇ ಬರಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಆಮೇಲೆ ಸ್ಟ್ರೋಕ್ ಆಯಿತು. ಕೈಕಾಲು, ಮಾತು ಕೆಲವೇ ತಿಂಗಳಲ್ಲಿ ಸರಿಹೋದವು. ನಮ್ಮನ್ನೆಲ್ಲ ಗುರುತು ಹಿಡಿಯುತ್ತಾನೆ, ತಮಾಷೆ ಮಾಡುತ್ತಾನೆ. ಆದರೆ ಹಿತ್ತಿಲಿಗೆ ಹೋದರೆ, ವಾಪಸ್ ಬರುವ ಬಾಗಿಲು ಯಾವ ಕಡೆ ಎಂದು ತಿಳಿಯದೆ ಅಲ್ಲೇ ನಿಂತುಬಿಡುತ್ತಾನೆ.

ನಾನು ಓದಿದ್ದು ಏಳನೇ ಕ್ಲಾಸು. ಡಾಕ್ಟರು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಮಿದುಳಿನ ಒಳಗೆ, ಎರಡು ಕಿವಿಗಳ ನೇರಕ್ಕೆ, ಬೆರಳಿನಷ್ಟು ಗಾತ್ರದ ಒಂದೊಂದು ಭಾಗ ಇದೆಯಂತೆ. ದಾರಿ, ಜಾಗ ನೆನಪಿಡುವ ಕೆಲಸ ಹೆಚ್ಚಾಗಿ ಅದರದ್ದು. ಇಲಿಗೂ ಅದು ಇದೆಯಂತೆ. ಇಲಿ ಒಂದು ಮೂಲೆಗೆ ಬಂದರೆ ಮಿದುಳಿನ ಆ ಭಾಗದ ಕೆಲವು ಜೀವಕೋಶಗಳು ಮಿಡಿಯುತ್ತವೆ, ಇನ್ನೊಂದು ಮೂಲೆಗೆ ಹೋದರೆ ಬೇರೆಯವು. ಹೀಗೆ ಅದರ ತಲೆಯೊಳಗೇ ಮನೆಯ ನಕ್ಷೆ ತಯಾರಾಗುತ್ತದೆ. ಅಣ್ಣನಿಗೆ ರಕ್ತ ಓಡದೆ ಕೆಟ್ಟದ್ದು ಆ ಜಾಗವೇ.

"ಇಲಿಗಿರೋದು ನಂಗಿಲ್ಲ ಅಂದಂಗಾಯ್ತು," ಅಂದ ಅಣ್ಣ. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ನಮ್ಮ ಹಳೇ ಹಸುವಿಗೂ ಅದು ಇತ್ತು. ಅಣ್ಣ ಹಗ್ಗ ಹಿಡಿದು ಹಿಂದೆ ಹೊರಟರೆ ಸಾಕು, ಕೆರೆಯ ಅಂಗಳದಲ್ಲಿ ಮೇಯ್ದು ಹೊತ್ತು ಇಳಿಯುವ ಮುಂಚೆ ಇಬ್ಬರೂ ಮನೆಗೆ ಬರುತ್ತಿದ್ದರು. ದಿನದಲ್ಲಿ ಅಷ್ಟು ಹೊತ್ತು ಅವನು ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಿದ್ದ. ಹೋದ ವರ್ಷ ಆ ಹಸು ಚರ್ಮಗಂಟು ರೋಗದಿಂದ ಸತ್ತಿತು.

ಬೈರಮಂಗಲದ ಹತ್ತಿರ ಒಬ್ಬ ಅಜ್ಜಿಯಿಂದ ನಾನು ಇನ್ನೊಂದು ಹಸು ಕೊಂಡೆ. ಮಂಡಿನೋವಿನಿಂದ ಅವರಿಗೆ ಹಾಲು ಕರೆಯಲು ಕೂರಲಾಗುತ್ತಿರಲಿಲ್ಲ. ಹಸು ಮಾರಿದವರು ಹಗ್ಗ ಕೊಡುವುದಿಲ್ಲ, ಕೊಂಡವರೇ ತಂದಿರಬೇಕು. ತಮ್ಮ ಹಗ್ಗ ಬಿಚ್ಚಿಕೊಳ್ಳುತ್ತ ಅಜ್ಜಿ ಹೇಳಿದರು: "ಹದಿನೈದು ದಿನ ಆಚೆ ಬುಡಬ್ಯಾಡ ಕಣಪ್ಪ. ನಿಮ್ಮ ನೆಲ ಒಗ್ಗಲಿ. ಅಲ್ಲೀಗಂಟ ಇದಕ್ಕೆ ಮನೆ ಅಂದ್ರೆ ನಮ್ಮನೇಯ."

ಹೂಂ ಅಂದು, ಹೊಲದ ದಾರಿಯಲ್ಲಿ ಮೂರು ಗಂಟೆ ನಡೆಸಿಕೊಂಡೇ ಬಂದೆ. ವ್ಯಾನಿಗೆ ಹತ್ತಿಸಿದ್ದರೆ ಅದಕ್ಕೆ ವಾಪಸ್ ಹೋಗುವ ದಾರಿ ತಿಳಿಯುತ್ತಿರಲಿಲ್ಲ. ನಾನೇ ಹೆಜ್ಜೆ ಹೆಜ್ಜೆಗೂ ತೋರಿಸಿಕೊಂಡು ಬಂದಂತಾಯಿತು.

ನಾಲ್ಕನೇ ದಿನ ನಮ್ಮ ರೇಷ್ಮೆಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದವು. ಆ ಹೊತ್ತಿನಲ್ಲಿ ಎಷ್ಟು ಸೊಪ್ಪು ಹಾಕಿದರೂ ಅವಕ್ಕೆ ಸಾಲದು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅತ್ತಿಗೆ ಅಣ್ಣನನ್ನು ನನಗೆ ಒಪ್ಪಿಸಿ, ಬಿಡದಿಯ ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಹೋಗಿದ್ದರು. ಅಣ್ಣ ಹುಳುಮನೆಯ ಬಾಗಿಲಿಗೆ ಬಂದು ನಿಂತ.

"ಲೇ, ಹೊಸ ಹಸ ಹೊಡ್ಕಂಡು ಹೋಗ್ಲೇನ್ಲಾ?"

"ಅದಿನ್ನೂ ಊರಿಗೆ ಒಗ್ಗಿಲ್ಲ ಕಣಣ್ಣ."

"ನಂಗೂ ಒಗ್ಗಿಲ್ಲ. ಒಳ್ಳೆ ಜೋಡಿ."

ಮತ್ತೆ ಬಂದ, ಮತ್ತೆ ಕೇಳಿದ. ಐದನೆಯ ಸಲಕ್ಕೆ ನಾನು ಸೊಪ್ಪಿನ ಬುಟ್ಟಿ ಕುಕ್ಕಿ, ಎದ್ದು ಹೋಗಿ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟೆ. "ಹೋಗು, ಹಸ ಕರ್ಕಂಡು ಬತ್ತದೆ" ಅಂದೆ. ಅಜ್ಜಿಯ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು.

ಸಂಜೆ ನಾಲ್ಕಕ್ಕೆ ಅಜ್ಜಿಯ ಫೋನು.

"ಏನಪ್ಪ, ಮಾರಿದ್ದು ಒಂದು ಹಸ. ಅದು ಜತೇಲಿ ಒಬ್ಬ ಮನುಷ್ಯನ್ನೂ ಎಳ್ಕಂಡು ಬಂದೈತಲ್ಲ. ನಿಮ್ಮೋರಾ?"

"ಹೆಂಗವ್ನೆ ಅಜ್ಜಿ?"

"ಚೆನ್ನಾಗವ್ನೆ. ಮುದ್ದೆ ಉಂಡವ್ನೆ. ನಮ್ಮ ಉಪ್ಸಾರಿಗೆ ಖಾರ ಸಾಲ್ದಂತೆ. ನೀನು ಗಾಡೀಲಿ ನಿಧಾನಕ್ಕೆ ಬಾ."

ಆ ಅಜ್ಜಿಗೆ ನಾನು ಎಷ್ಟು ಕೈಮುಗಿದರೂ ಕಡಿಮೆಯೇ. ಗೊತ್ತಿಲ್ಲದವನು ಎಂದು ಬಾಗಿಲಲ್ಲೇ ನಿಲ್ಲಿಸಿದ್ದರೆ ಅವನು ಎಲ್ಲಿಗೆ ಹೋಗಬೇಕಿತ್ತು?

ಹಸುವನ್ನು ಅಲ್ಲೇ ಬಿಟ್ಟು, ಅಣ್ಣನನ್ನು ಬೈಕಿನಲ್ಲಿ ಕರೆತಂದೆ. ಅಷ್ಟರಲ್ಲಿ ಅತ್ತಿಗೆ ಕೆಲಸದಿಂದ ಬಂದು ಬೀದಿಯೆಲ್ಲ ಹುಡುಕಿದ್ದರು. "ಆಚೆ ಬುಟ್ಟೋರು ಯಾರು?" ಎಂದು ಕೇಳಿದರು.

"ಅವನೇ ಬಿಚ್ಕಂಡು ಹೋಗ್ಬುಟ್ಟ," ಅಂದೆ.

ಅಣ್ಣ ಪಕ್ಕದಲ್ಲೇ ಇದ್ದ. ನನ್ನನ್ನು ಒಂದು ಸಲ ನೋಡಿದ. "ಹೂಂ, ನಾನೇ ಬಿಚ್ಕಂಡೆ," ಅಂದ.

ಮಾರನೆಯ ದಿನದಿಂದ ಅತ್ತಿಗೆ ಗೇಟಿಗೆ ಬೀಗ ಹಾಕಿ, ಒಂದು ಕೀಲಿ ನನಗೆ ಕೊಟ್ಟು, ಅವನನ್ನು ಆಚೆ ಬಿಡಬಾರದೆಂದು ಹೇಳಿ ಹೋಗುತ್ತಿದ್ದರು. ನಾನು ಈ ಸಲ ಬಾಡಿಗೆ ವ್ಯಾನಿನಲ್ಲಿ ಹಸುವನ್ನು ವಾಪಸ್ ತಂದೆ. ಅಣ್ಣ ಬೆಳಿಗ್ಗೆಯಿಂದ ಜಗಲಿಯ ಮೇಲೆ ಗೇಟಿನ ಕಡೆ ಮುಖ ಮಾಡಿ ಕೂರುತ್ತಿದ್ದ. ತಮಾಷೆ ನಿಂತಿತು. ನನ್ನ ಮೇಲೆ ದೂರು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನಾನು ವಾದ ಮಾಡುತ್ತಿದ್ದೆನೇನೋ. ಅವನು ಸುಮ್ಮನಿದ್ದದ್ದೇ ನನ್ನನ್ನು ತಿಂದಿತು.

ಹತ್ತನೆಯ ಬೆಳಿಗ್ಗೆ ಅತ್ತಿಗೆ ಟಿಫನ್ ಚೀಲ ಹಿಡಿದು ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದೆ.

"ಒಂಬತ್ತು ದಿನ ಅವರ ಮ್ಯಾಲೆ ನನ್ನ ಕೈಲಿ ಬೀಗ ಹಾಕ್ಸಿದ್ಯಲ್ಲ," ಅಂದರು. "ನಿಂಗೆ ಅನ್ನ ಹೆಂಗೆ ಇಳೀತು?"

ಬಸ್ಸು ಬಂತು. ಅವರು ಹತ್ತಲಿಲ್ಲ. ಒಳಗೆ ಹೋಗಿ ಅಣ್ಣನ ಪಕ್ಕ ಕೂತರು. ಒಂದು ವಾರ ನನ್ನ ಜೊತೆ ಮಾತಿಲ್ಲ. ಆದರೆ ಬೀಗ ಅವತ್ತೇ ತೆಗೆದರು. ಮನೆಯಿಂದ ಬೇರೆ ಇರು ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ, ಅದಕ್ಕೆ ಇವತ್ತಿಗೂ ಋಣಿಯಾಗಿದ್ದೇನೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಹಸುವಿಗೆ ಹೊಸ ದಾರಿ ಕಲಿಸುವುದು ಹೇಗೆ ಎಂದು ಡಾಕ್ಟರನ್ನು ಕೇಳಿದೆ. ದಿನಾ ಅದೇ ದಾರಿಯಲ್ಲಿ ನಡೆಸಿ, ಅದೇ ಮರ, ಅದೇ ಬೇಲಿ ಕಾಣಲಿ ಎಂದರು. ಇಲಿಗಳಲ್ಲಾದರೆ, ನಡೆದ ದಾರಿ ನಿದ್ದೆಯಲ್ಲೂ ತಲೆಯೊಳಗೆ ಮತ್ತೆ ಓಡುತ್ತದಂತೆ. ಹಸುವಿನದು ತಮಗೆ ಗೊತ್ತಿಲ್ಲ ಎಂದರು. ಮಧ್ಯಾಹ್ನ ಹಸು ಮಲಗಿ ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುವಾಗ, ಒಳಗೆ ನಮ್ಮ ಕೆರೆಯ ದಾರಿ ಓಡುತ್ತಿದೆಯೋ, ಬೈರಮಂಗಲದ್ದೋ ಎಂದು ನೋಡುತ್ತ ನಿಲ್ಲುತ್ತಿದ್ದೆ.

ದಿನಾ ನಾನು, ಅಣ್ಣ, ಹಸು ಮೂವರೂ ಕೆರೆಗೆ ನಡೆದೆವು. ಮೊದಮೊದಲು ವಾಪಸ್ ಬರುವಾಗ ಹಸು ದಾರಿ ಕವಲೊಡೆಯುವ ಹುಣಸೆಮರದ ಹತ್ತಿರ ಬೈರಮಂಗಲದ ಕಡೆಗೇ ಎಳೆಯುತ್ತಿತ್ತು. ಹಾಗೆ ನಡೆಯುವಾಗ ಒಂದು ದಿನ ಅಣ್ಣನನ್ನು ಕೇಳಿದೆ: "ಅವತ್ತು ನೀನ್ಯಾಕೆ ತಪ್ಪು ಮೈಮೇಲೆ ಹಾಕ್ಕಂಡೆ?"

"ತಪ್ಪು ಎಲ್ಲಾಯ್ತ್ಲಾ?" ಅಂದ. "ಹಸ ಗೊತ್ತಿರೋ ದಾರೀಲಿ ಹೋಗೋ ಥರ ಜೋರಾಗಿ ನಡೀತಿತ್ತು. ನಂಗೂ ಎಲ್ಲಾ ಗೊತ್ತೈತೆ ಅನ್ನಿಸ್ಬುಡ್ತು. ವ್ಯಾನ್ ಓಡ್ಸೋವಾಗ ಹಿಂಗೇ ಅನ್ನಿಸ್ತಿತ್ತು ಕಣ್ಲಾ."

ತಿಂಗಳಾಗುವ ಹೊತ್ತಿಗೆ ಹಸು ಹುಣಸೆಮರದ ಹತ್ತಿರ ಎಳೆಯದೆ ತಾನೇ ನಮ್ಮ ಮನೆ ಕಡೆ ತಿರುಗಿತು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ತಿರುಗಿತು. ಅತ್ತಿಗೆ ಒಂದು ಭಾನುವಾರ ತಾವೇ ಹಿಂದೆ ಹೋಗಿ ಕಣ್ಣಾರೆ ನೋಡಿ ಬಂದರು. ಸೋಮವಾರ ಬಸ್ಸಿಗೆ ಹೊರಡುವ ಮುಂಚೆ ಕೊಟ್ಟಿಗೆಗೆ ಹೋಗಿ, ಹಸುವನ್ನು ಬಿಚ್ಚಿ, ಹಗ್ಗವನ್ನು ಅಣ್ಣನ ಕೈಗೆ ಕೊಟ್ಟರು.