ಬಿಚ್ಚಣ್ಣನ ಎಡ ಬಲ

ಬಿಚ್ಚಣ್ಣ ಕಲ್ಲುಮನಸ್ಸಿನವನು. ಬಲ್ಲವರೆಲ್ಲ ಹಾಗೆ ಹೇಳುತ್ತಿದ್ದರು, ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಹೆಂಡತಿ ಮನಸ್ಸು ಮುರಿದುಕೊಂಡು ತವರಿಗೆ ಹೊರಟ ದಿನ ಅವಳ ಟ್ರಂಕನ್ನು ಕಟ್ಟಿಕೊಟ್ಟವನು ಅವನೇ. ಲೋಟಗಳ ನಡುವೆ ಹಳೆ ಬಟ್ಟೆ ತುರುಕಿ, ಕನ್ನಡಿಗೆ ರಟ್ಟು ಸುತ್ತಿ, ದಾರಿಯುದ್ದಕ್ಕೂ ಏನೂ ಅಲುಗಾಡದ ಹಾಗೆ ಬಿಗಿದ. 'ಇರು' ಎಂಬ ಒಂದು ಮಾತು ಮಾತ್ರ ಬಾಯಿಂದ ಬರಲಿಲ್ಲ. ಆ ಟ್ರಂಕಿನ ಅಚ್ಚುಕಟ್ಟು ನೋಡಿಯೇ ಅವಳು ಮತ್ತೆ ಬರಬಾರದೆಂದು ತೀರ್ಮಾನಿಸಿದಳಂತೆ.

ಅವನ ನಿಜವಾದ ಹೆಸರನ್ನು ಸಾಗಣೆ ಕಂಪನಿಯ ಗುಮಾಸ್ತನೂ ಮರೆತಿದ್ದ. ಬಾಗಿಲಲ್ಲಿ ತೂರದ ಬೀರು, ಮೆಟ್ಟಿಲ ತಿರುವಿನಲ್ಲಿ ಹೊರಳದ ಮಂಚ, ಇವುಗಳ ಕೀಲು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಲಾರಿಗೇರಿಸಿ, ತಾನೂ ಜೊತೆಗೆ ಹೋಗಿ ದೂರದ ಊರಲ್ಲಿ ಇಳಿಸಿ ಬರುವುದು ಅವನ ಕೆಲಸ. ಹಾಗಾಗಿ ಬಿಚ್ಚಣ್ಣ. ಯಾರಾದರೂ ತಾಯಿಯ ಕಾಲದ ಮೇಜು ಸವರಿ ಕಣ್ಣು ಒರೆಸಿಕೊಂಡರೆ, "ಅದು ಮರ ಕಣಮ್ಮ, ಅದಕ್ಕೆ ಅಳು ಬರಲ್ಲ. ಸ್ವಲ್ಪ ಪಕ್ಕಕ್ಕೆ ಬನ್ನಿ" ಎನ್ನುತ್ತಿದ್ದ. ಗಿರಾಕಿಗಳ ಕುರ್ಚಿಯ ಮೇಲೆ ಒಮ್ಮೆಯೂ ಕೂತವನಲ್ಲ, ಅವರು ಕೊಟ್ಟ ನೀರನ್ನೂ ನಿಂತೇ ಕುಡಿಯುತ್ತಿದ್ದ. ಬಿಚ್ಚಿದ್ದನ್ನು ಕೂಡಿಸಿ ಕೊಡಿ ಎಂದು ಕೇಳಿದವರಿಗೆ ಅವನದು ಒಂದೇ ಉತ್ತರ: "ಬಿಚ್ಚೋದು ನಮ್ಮದು, ಕೂಡಿಸೋದು ನಿಮ್ಮದು."

ಒಂದು ಬೆಳಿಗ್ಗೆ ಅವನೂ ಅವನ ಜೊತೆಗಾರ ದಡಿಯನೂ ಒಬ್ಬ ದರ್ಜಿ ಹೆಂಗಸಿನ ಮನೆಗೆ ಹೋದರು. ಎರಡನೇ ಮಹಡಿಯ ಎರಡು ಕೋಣೆ. ಕಟ್ಟಡ ಕೆಡವುತ್ತಾರೆಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಕೆಳಗಿನವರು ಆಗಲೇ ಕಿಟಕಿಯ ಚೌಕಟ್ಟನ್ನೂ ಕಿತ್ತುಕೊಂಡು ಹೋಗಿದ್ದರು. ದರ್ಜಿಯಮ್ಮ ಗಂಡನನ್ನು ಕರೆದುಕೊಂಡು ದೂರದ ಊರಿನ ತಂಗಿಯ ಮನೆಗೆ ಹೊರಟಿದ್ದಳು. ಗಂಡ ವಾಚ್ ರಿಪೇರಿ ಮಾಡುತ್ತಿದ್ದವನು. ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು.

ಒಯ್ಯಬೇಕಾದದ್ದು ಮುಖ್ಯವಾಗಿ ಒಂದು ಮಂಚ. ಎತ್ತರದ್ದು, ಆನೆಯಂಥದ್ದು. ನಾಲ್ಕು ಮೂಲೆಯಲ್ಲೂ ಸೊಳ್ಳೆಪರದೆಯ ಕೋಲು ನಿಲ್ಲಿಸುವ ತೂತುಗಳು. ತಲೆಯ ಹತ್ತಿರದ ಒಂದು ತೂತಿಗೆ ದಪ್ಪನೆಯ ಪಟ್ಟಿಯೊಂದನ್ನು ಬಿಗಿದಿದ್ದರು. ಪ್ಯಾಂಟಿನ ಸೊಂಟಪಟ್ಟಿಗಳನ್ನು ಪದರ ಪದರವಾಗಿ ಹೊಲಿದು ದರ್ಜಿಯಮ್ಮ ಮಾಡಿದ್ದು.

"ಅದಕ್ಕೆ ಕೈ ಹಚ್ಚಬೇಡಿ" ಎಂದಳು ಅವಳು. "ಬೆಳಿಗ್ಗೆ ಅದನ್ನ ಹಿಡ್ಕೊಂಡೇ ಇವರು ತಾವಾಗೇ ಎದ್ದು ಕೂರೋದು. ದಿನಕ್ಕೆ ಇವರು ಸ್ವಂತ ಮಾಡೋ ಕೆಲಸ ಅದೊಂದೇ. ಬಾಕಿ ಎಲ್ಲಾ ನಾನೇ."

"ನನ್ನ ಬೈಯೋದನ್ನೂ ಅವಳೇ ಮಾಡ್ತಾಳೆ" ಎಂದ ಗಂಡ, ಕಿಟಕಿಯ ಬಳಿಯ ಕುರ್ಚಿಯಿಂದ. ಮಾತು ತೊದಲುತ್ತಿದ್ದರೂ ನಾಲಿಗೆಯ ಚುರುಕು ಹೋಗಿರಲಿಲ್ಲ.

"ಹೂಂ, ಅದಕ್ಕೂ ಒಂದು ಪಟ್ಟಿ ಹೊಲಿದುಕೊಡ್ತೀನಿ, ಹಿಡ್ಕೊಂಡು ಬೈಸ್ಕೊಳ್ಳಿ."

ದಡಿಯ ನಕ್ಕ. ಬಿಚ್ಚಣ್ಣ ನಗಲಿಲ್ಲ. "ಪಟ್ಟಿ ಬಿಟ್ಟರೆ ಲಾರೀಲಿ ಎಲ್ಲಾದ್ರೂ ಸಿಕ್ಕಿ ಹರಿಯುತ್ತೆ. ಬಿಚ್ಚಿ ಬೇರೆ ಕಟ್ತೀನಿ" ಎಂದ.

"ಆಮೇಲೆ ಯಾವ ಕಡೆಗೆ ಅಂತ ಗೊತ್ತಾಗಬೇಕಲ್ಲಪ್ಪ. ತಂಗಿ ಗಂಡ ಜೋಡಿಸೋದು, ಅವನಿಗೆ ಇದೆಲ್ಲ ತಿಳಿಯಲ್ಲ."

"ಬರೆದಿಡ್ತೀನಿ. ಇವತ್ತು ನಿನ್ನೆ ಮಾಡ್ತಿರೋ ಕೆಲಸ ಅಲ್ಲ."

ಬಿಚ್ಚುವವರ ಎಡಬಲ ಬೇರೆ. ಸಾಮಾನಿನ ಎದುರು ನಿಂತಾಗ ತಮ್ಮ ಬಲಗೈ ಕಡೆ ಬಂದದ್ದೆಲ್ಲ ಬಲ. ಮಂಚವಾದರೆ ಕಾಲ ಕಡೆ ನಿಂತು ನೋಡಬೇಕು. ಬಿಚ್ಚಣ್ಣ ಹಾಗೇ ನಿಂತ, ನೋಡಿದ, ಪಟ್ಟಿಯ ಗಂಟಿಗೆ ಒಂದು ರಟ್ಟಿನ ಚೂರು ಕಟ್ಟಿ 'ಬಲ' ಎಂದು ಬರೆದ. ಮಲಗುವವನಿಗೆ ಅದು ಎಡ. ಆ ಯೋಚನೆ ಅವನಿಗೆ ಬರಲಿಲ್ಲ. ಬರೆಯುವಾಗ ಗಂಡ ಎಡಗೈ ಎತ್ತಿ ಏನೋ ಹೇಳಲು ಹೊರಟ. ಮಾತು ಕೂಡಿ ಬರುವಷ್ಟರಲ್ಲಿ ಬಿಚ್ಚಣ್ಣ ನಟ್ಟು ಬಿಚ್ಚುವ ಪಾನ ಹಿಡಿದು ಮಂಚದ ಕೆಳಗೆ ತೂರಿಯಾಗಿತ್ತು.

ಲಾರಿ ಬಯಲು ದಾಟಿ, ಘಟ್ಟ ಹತ್ತಿ ಇಳಿದು, ಉದ್ದನೆಯ ಸೇತುವೆಯ ಮೇಲೆ ಧೂಳು ಕುಡಿದು ಹೋಯಿತು. ಮಂಚಕ್ಕೆ ಒಂದು ಗೀರೂ ಬೀಳಲಿಲ್ಲ. ಇಳಿಸಿದ ಮೇಲೆ ತಂಗಿಯ ಗಂಡ ಪಟ್ಟಿಯನ್ನು ಎತ್ತಿ ಹಿಡಿದು, "ಇದೇನಿದು, ಎಲ್ಲಿಗೆ?" ಎಂದು ಕೇಳಿದ.

"ಬರೆದಿದೆಯಲ್ಲ ಸ್ವಾಮಿ. ಬಲಕ್ಕೆ" ಎಂದು ಬಿಚ್ಚಣ್ಣ ಲಾರಿ ಹತ್ತಿದ.

ಮರುವರ್ಷ ಆ ತಂಗಿಯ ಮನೆಯಿಂದ ಕಂಪನಿಗೆ ಕರೆ ಬಂತು. ಅದೇ ಮಂಚ, ಇನ್ನೂ ದೂರದ ಊರಿಗೆ, ಗುಣವಾಗದ ರೋಗಿಗಳನ್ನು ಇಟ್ಟುಕೊಳ್ಳುವ ಒಂದು ಆಶ್ರಯಕ್ಕೆ. ಬಿಚ್ಚಣ್ಣನೂ ದಡಿಯನೂ ಹೋದರು. ದರ್ಜಿಯಮ್ಮ ಪಡಸಾಲೆಯಲ್ಲಿ ಮಿಷನ್ ತುಳಿಯುತ್ತಿದ್ದಳು. ತುಳಿಯುವುದನ್ನು ನಿಲ್ಲಿಸಲಿಲ್ಲ.

"ಯಜಮಾನರು?" ಎಂದು ದಡಿಯ ಕೇಳಿದ.

"ಹೋದರು."

ಹೊಲಿಗೆ ಅಂಚಿಗೆ ಬಂದಾಗ ಅವಳು ದಾರ ಕತ್ತರಿಸಿ, ತಲೆ ಎತ್ತದೆ ಹೇಳಿದಳು.

"ರೈಲಿಳಿದು ಬಂದಾಗ ಜೀವ ಹಣ್ಣಾಗಿತ್ತು. ಯಾವಾಗಲೂ ಪಟ್ಟಿ ಇರೋ ಕಡೆಯಿಂದಲೇ ಹತ್ತಿಸಿ ಮಲಗಿಸ್ತಿದ್ದೆ, ಇಲ್ಲೂ ಹಾಗೇ ಮಲಗಿಸಿದೆ. ಪಟ್ಟಿ ಇದೆಯಾ ಅಂತ ನೋಡಿದೆ, ಇತ್ತು. ಯಾವ ಕಡೆ ಇದೆ ಅಂತ ನೋಡಲಿಲ್ಲ. ಬೆಳಿಗ್ಗೆ ನಾನು ಅಡುಗೆಮನೇಲಿದ್ದೆ. ಎಡಗೈಗೆ ಪಟ್ಟಿ ಸಿಗಲಿಲ್ಲ. ಆ ಕಡೆ ಕಂಡಿತು ಅಂತ ಕಾಣುತ್ತೆ. ಎದೆ ಮೇಲಿಂದ ಕೈ ಚಾಚಿ ಎಳೆದಿದ್ದಾರೆ. ಸತ್ತ ಮಗ್ಗುಲು ತಡೆಯುತ್ತಾ? ಉರುಳಿ ಕೆಳಗೆ ಬಿದ್ದರು. ಸೊಂಟದ ಮೂಳೆ ಮುರೀತು. ಆಮೇಲೆ ಎದ್ದು ಕೂರಲೇ ಇಲ್ಲ."

ಬಿಚ್ಚಣ್ಣ ಚೀಲದಿಂದ ಪಾನ ತೆಗೆದ. ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ನಮ್ಮ ಕಡೆ ಬಲ ಅಂದ್ರೆ, ಕಾಲ್ದೆಸೇಲಿ ನಿಂತು ನೋಡಿದ ಬಲ" ಎಂದ. "ಎಲ್ಲಾ ಕಂಪನೀಲೂ ಹಾಗೇ."

"ಗೊತ್ತಾಯ್ತು. ತಂಗಿ ಗಂಡನೂ ರಟ್ಟು ತೋರಿಸಿದ. ನೀವು ತಪ್ಪು ಬರೆದಿರಲಿಲ್ಲ, ಅವನೂ ತಪ್ಪು ಓದಿರಲಿಲ್ಲ. ಮಲಗಿದವರು ಮಾತ್ರ ಎದ್ದು ನಿಂತು ನೋಡೋ ಹಾಗಿರಲಿಲ್ಲ." ಅವಳು ಹೊಸ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. "ಮಂಚ ಒಳಗಿದೆ, ಬಿಚ್ಚಿ. ಪಟ್ಟಿ ಅದರ ಮೇಲಿದೆ, ಅದೂ ಹೋಗ್ಲಿ. ಅಲ್ಲಿ ಯಾರಿಗಾದರೂ ಬೇಕಾಗುತ್ತೆ."

ಬಿಚ್ಚಣ್ಣ ಕ್ಷಮಿಸಿ ಎನ್ನಲಿಲ್ಲ. ಅಯ್ಯೋ ಎಂದೂ ಅನ್ನಲಿಲ್ಲ. ತಪ್ಪಿಲ್ಲವೆಂದು ಅವಳೇ ಹೇಳಿಯಾಗಿತ್ತು, ಅಲ್ಲಿಗೆ ಮುಗಿಯಿತು ಎಂದೇ ದಡಿಯ ತಿಳಿದ. ಹೊರಗೆ ಲಾರಿಯ ಹಲಗೆ ಇಳಿಸುವಾಗ, "ಇವನೆಂಥ ಜನ್ಮ" ಎಂದು ಡ್ರೈವರನ ಬಳಿ ಗೊಣಗಿದ.

ಒಳಕೋಣೆಯಲ್ಲಿ ಹಾಸಿಗೆ ತೆಗೆದ ಮಂಚ ಬರಿ ಹಲಗೆಯಾಗಿ ನಿಂತಿತ್ತು. ಕೈಯ ಜಿಡ್ಡಿಗೆ ಹೊಲಿಗೆಗಳು ಕಪ್ಪಾದ ಪಟ್ಟಿ ಅದರ ನಡುವೆ ಬಿದ್ದಿತ್ತು. ಬಿಚ್ಚಣ್ಣ ಕಾಲ ಕಡೆ ನಿಂತ. ಸೀಮೆಸುಣ್ಣ ತೆಗೆದ. ಬರೆಯಲು ಬಗ್ಗಿದವನು ಹಾಗೇ ನೆಟ್ಟಗಾದ.

ದಡಿಯ ಹಗ್ಗ ತಂದು ಬಾಗಿಲಿಗೆ ಬಂದಾಗ ಬಿಚ್ಚಣ್ಣನ ಚಪ್ಪಲಿಗಳು ನೆಲದ ಮೇಲಿದ್ದವು. ಗಿರಾಕಿಯ ಮನೆಯಲ್ಲಿ ಕುರ್ಚಿಯನ್ನೂ ಮುಟ್ಟದ ಮನುಷ್ಯ ಮಂಚದ ಮೇಲೆ ಅಂಗಾತ ಮಲಗಿದ್ದ. ಬಲಗೈಯನ್ನು ಬೆನ್ನಿನ ಕೆಳಗೆ ಒತ್ತಿ ಹಾಕಿಕೊಂಡಿದ್ದ. ಎಡಗೈ ಮಾತ್ರ ತಲೆಯ ಪಕ್ಕದ ಮರವನ್ನು ತಡಕುತ್ತಿತ್ತು.

"ಏನಣ್ಣ, ಸುಸ್ತಾಯ್ತಾ?"

"ಸುಮ್ನಿರು."

ಬೆರಳಿಗೆ ತೂತು ಸಿಕ್ಕಿತು. ಅವನು ಪಟ್ಟಿಯನ್ನು ಅದರೊಳಗೆ ತೂರಿಸಿ, ಎರಡೂ ತುದಿ ಸೇರಿಸಿ ಅದೊಂದೇ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಏಳಲು ನೋಡಿದ. ಆಗಲಿಲ್ಲ. ಇನ್ನೊಮ್ಮೆ ಎಳೆದು ಎದ್ದು ಕೂತ. ಆಮೇಲೆ ಮತ್ತೆ ಮಲಗಿ, ಬಲಗೈಯನ್ನು ಬೆನ್ನಡಿಯಿಂದ ತೆಗೆಯದೆ, ಎಡಗೈಯಲ್ಲೇ ಸೀಮೆಸುಣ್ಣ ಹಿಡಿದು, ತೂತಿನ ಪಕ್ಕದ ಮರದ ಮೇಲೆ ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದ: ಮಲಗಿದವರ ಎಡ.