ತೊಡೆ ಮೇಲಿನ ರಸಮಟ್ಟ

ಬೆಳಗ್ಗೆ ಐದೂಮುಕ್ಕಾಲು. ಅಡುಗೆಮನೆ ಗೋಡೆಗೆ ಬೆನ್ನು ಕೊಟ್ಟು ಟೈಲ್ಸ್ ಮಾವ ಕುರ್ಚಿ ಮೇಲೆ ಕೂತ ಹಾಗೆ ಕೂತಿದ್ದಾರೆ. ಕುರ್ಚಿ ಮಾತ್ರ ಇಲ್ಲ. ತೊಡೆ ಮೇಲೆ ಉದ್ದಕ್ಕೆ ರಸಮಟ್ಟ ಇಟ್ಕೊಂಡಿದ್ದಾರೆ, ನೆಲ ಸಮ ಇದೆಯಾ ಅಂತ ನೋಡೋ ಪಟ್ಟಿ. ಹೆಂಡತಿ ಕೈಲಿ ಸೌಟು ಹಿಡ್ಕೊಂಡೇ ಬಗ್ಗಿ ಅದರೊಳಗಿನ ಗುಳ್ಳೆ ನೋಡ್ತಾರೆ.

"ಗುಳ್ಳೆ ಹೊಟ್ಟೆ ಕಡೆ ಓಡ್ತಿದೆ ರೀ. ಇನ್ನೊಂಚೂರು ಇಳೀರಿ."

"ಹೊಟ್ಟೆ ಕಡೆ ಓಡದೆ ಇನ್ನೆಲ್ಲಿಗೆ ಓಡುತ್ತೆ? ಎದ್ದಾಗಿಂದ ಒಂದು ಲೋಟ ಕಾಫಿ ಕಂಡಿಲ್ಲ."

"ಮೂವತ್ತು ಎಣಿಸಿ. ಆಮೇಲೆ ಕಾಫಿ."

ಎಣಿಸ್ತಾರೆ. ಆಮೇಲೆ ಅಂಗಾತ ಮಲಗಿ ಒಂದೊಂದೇ ಕಾಲು ನೆಟ್ಟಗೆ ಎತ್ತಿ ಇಳಿಸೋದು. ಕೊನೆಗೆ ಮಂಡಿ ನಡುವೆ ಸುತ್ತಿದ ಟವಲ್ ಒತ್ತಿ ಹಿಡ್ಕೊಂಡು ಸೊಂಟ ಮೇಲೆತ್ತೋದು. ಯೋಗದ ಟೀಚರಮ್ಮ ಇದನ್ನ ಸೇತುಬಂಧ ಅಂತಾರೆ. ಹೆಂಡತಿ ಜಾಕ್ ಹಾಕೋದು ಅಂತಾರೆ.

ಮಾವನಿಗೀಗ ಐವತ್ತೇಳು. ಮೂವತ್ತೊಂದು ವರ್ಷ ಮಂಡಿಯೂರಿ ಊರವರ ನೆಲಕ್ಕೆಲ್ಲ ಟೈಲ್ಸ್ ಹಾಕಿದ್ದಾರೆ. ದಿನಕ್ಕೆ ಎಂಬತ್ತು ಟೈಲ್ಸ್, ಇನ್ನೂರು ಸಲ ಏಳೋದು ಕೂರೋದು. ಎಲ್ಲಾನೂ ಸಾಲಾಗಿ ಜೋಡಿಸಿದ್ರೆ ಚಂದ್ರನ ತನಕ ಹೋಗಿ, ಅಲ್ಲೊಂದು ಬಚ್ಚಲಿಗೂ ಮಿಗುತ್ತೆ. ಹೋದ ವರ್ಷ ಮಂಡಿ ಮುನಿಸ್ಕೊಳ್ತು. ನೆಲದಿಂದ ಎದ್ರೆ ಕಟಕಟ ಸದ್ದು. ಮೂರನೇ ಮಹಡಿಯವರು ಬಾಗಿಲು ತೆಗೆದು ಯಾರು ಬಂದ್ರು ಅಂತ ನೋಡ್ತಿದ್ರಂತೆ. ಡಾಕ್ಟರು, "ತೊಡೆಗೆ ಬಲ ಬರೋ ತನಕ ನೆಲದ ಕೆಲಸ ಬೇಡ" ಅಂದ್ರು. ಮೇಸ್ತ್ರಿ, "ಅಂಟು ಕಲಸ್ಕೊಂಡಿರಿ ಮಾವ, ನಿಂತ್ಕೊಂಡೇ ಮಾಡ್ಬಹುದು" ಅಂದ.

ಅಷ್ಟರಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿತ್ತು. ಅವಳ ಮನೆ ನೆಲ ಬರೀ ಸಿಮೆಂಟು, ತುರಿಯೋ ಮಣೆ ಥರ. ಮಗು ಅಂಬೆಗಾಲಿಡೋದ್ರೊಳಗೆ ನಾನೇ ನೆಲ ಹಾಕ್ತೀನಿ ಅಂತ ಮಾವ ಮಾತು ಕೊಟ್ಟುಬಿಟ್ಟಿದ್ರು. "ಬೇರೆಯವರ ಕೈಲಿ ಹಾಕಿಸೋಣ ಅಪ್ಪಾ" ಅಂದಳು ಮಗಳು.

"ಬೇರೆಯವರು ಹಾಕಿದ್ರೆ ನಾನು ಬಂದಾಗೆಲ್ಲ ಟೈಲ್ಸ್ ಸಂದು ನೋಡ್ಕೊಂಡೇ ಕೂರ್ತೀನಿ. ಮಗುನ ಯಾವಾಗ ನೋಡ್ಲಿ?"

ಹಿಂದೊಮ್ಮೆ ಮಾವ ಯೋಗದ ಟೀಚರಮ್ಮನ ಮನೆಗೆ ನೆಲ ಹಾಕಿದ್ರು, ಅವರ ಹತ್ರ ಹೋದ್ರು. ಅವರು ಗೋಡೆಗೊರಗಿ ಸ್ವಲ್ಪವೇ ಇಳೀರಿ, ಮಂಡಿ ಕಾಲ್ಬೆರಳು ದಾಟಬಾರದು, ನೋವಾದ್ರೆ ನಿಲ್ಸಿ ಅಂದ್ರು. ಮಾವ ಮನೆಗೆ ಬಂದವರೇ ತೊಡೆ ಮೇಲೆ ರಸಮಟ್ಟ ಇಟ್ಟು, ಮೊದಲನೇ ದಿನವೇ ಗುಳ್ಳೆ ನಡುವೆ ಬರೋ ತನಕ ಇಳಿದ್ರು. ಇಳಿಜಾರು ಕಣ್ಣಿಗೆ ಬಿದ್ರೆ ಆ ಕೈಗೆ ಸಹಿಸೋಕಾಗಲ್ಲ. ಮಂಡಿ ಕುಂಬಳಕಾಯಿ ಆಯ್ತು. ಒಂದು ವಾರ ಹಾಸಿಗೆ.

"ಇಳಿಜಾರು ಬಿಡೋದೇ ಇಲ್ವಾ ನೀವು?" ಅಂತ ಟೀಚರಮ್ಮ ಬೈದ್ರು.

"ಬಚ್ಚಲಿಗೆ ಬಿಡ್ತೀನಮ್ಮ, ನೀರು ಹೋಗೋಕೆ."

"ಹಾಗಾದ್ರೆ ಸದ್ಯಕ್ಕೆ ನಿಮ್ಮ ಮಂಡಿ ಬಚ್ಚಲು ಅಂದ್ಕೊಳ್ಳಿ. ವಾರಕ್ಕೊಂದು ಬೆರಳಷ್ಟು ಇಳೀರಿ, ಸಾಕು."

ಆ ಮಾತು ತಲೆಗೆ ಹೋಯ್ತು. ಅಲ್ಲಿ ಮಗು ಮಗ್ಗುಲಾಯ್ತು, ಬೋರಲಾಯ್ತು. ಇಲ್ಲಿ ಗುಳ್ಳೆ ಕೂದಲೆಳೆಯಷ್ಟು ಸರೀತು. ಮಗು ಹೊಟ್ಟೆ ಎಳ್ಕೊಂಡು ತೆವಳ್ತು, ಗುಳ್ಳೆ ಗೆರೆ ಮುಟ್ತು. ಕಟಕಟ ಸದ್ದು ಪೂರ್ತಿ ಹೋಗಿಲ್ಲ, ಆದ್ರೆ ಮೂರನೇ ಮಹಡಿಗೆ ಕೇಳಲ್ಲ. ಡಾಕ್ಟರು ಮಂಡಿ ಒತ್ತಿ ನೋಡಿ, ಮಂಡಿಗೆ ಮೆತ್ತೆ ಹಾಕ್ಕೊಂಡು ಅರ್ಧ ಗಂಟೆ ನೆಲದ ಮೇಲೆ ಕೂರಬಹುದು ಅಂದ್ರು. ಮಗಳ ಕೋಣೆಗೆ ನಲವತ್ತೆಂಟು ಟೈಲ್ಸ್. ದಿನಕ್ಕೆ ನಾಲ್ಕೇ. ಹಾಕಿ, ಎದ್ದು, ಕಾಲು ಚಾಚಿ, ಮನೆಗೆ. ಹನ್ನೆರಡನೇ ದಿನ ಮೊನ್ನೆ ಮುಗೀತು.

ಅಂಟು ಒಣಗಿದೆ, ಇವತ್ತು ಕಾಲಿಡಬಹುದು. ಕಾಫಿ ಕುಡಿದು ಗಂಡ ಹೆಂಡತಿ ಮಗಳ ಮನೆಗೆ ಹೊರಡ್ತಾರೆ. ಮಗಳು ಕೋಣೆ ನಡುವೆ ಮಗುನ ಇಳಿಸ್ತಾಳೆ. ಮಗು ಎರಡು ಅಂಗೈ ಊರುತ್ತೆ, ಹಿಂದೆ ಮುಂದೆ ತೂಗುತ್ತೆ, ಇದ್ದಕ್ಕಿದ್ದ ಹಾಗೆ ಒಂದು ಮಂಡಿ ಮುಂದಿಡುತ್ತೆ. ಆಮೇಲೆ ಇನ್ನೊಂದು. ಮಾವ ತಾವೂ ಮಂಡಿಯೂರಿ ಅದರ ಹಿಂದೆ ಎರಡು ಟೈಲ್ಸ್ ದೂರ ಹೋಗ್ತಾರೆ.

"ಸಾಕು ಏಳಿ, ಮೆತ್ತೆ ಹಾಕ್ಕೊಂಡಿಲ್ಲ" ಅಂತಾರೆ ಹೆಂಡತಿ.

ಮಾವ ಗೋಡೆ ಹಿಡೀದೆ ಏಳ್ತಾರೆ. ಮಗು ಸಂದಿನ ಗೆರೆ ಮೇಲೆ ಬೆರಳಿಟ್ಟು, ತಲೆ ತಗ್ಗಿಸಿ ನೋಡ್ತಿದೆ.

"ಮೂವತ್ತೊಂದು ವರ್ಷದಿಂದ ಎಲ್ರೂ ನನ್ನ ನೆಲದ ಮೇಲೆ ನಡೀತಾರೆ" ಅಂತಾರೆ ಮಾವ. "ನೋಡ್ಕೊಂಡು ಹೋಗ್ತಿರೋದು ಇವಳೊಬ್ಬಳೇ."